ಮುತ್ಯಾ ಕೂತ ಆಸನ

ನಮ್ಮ ಮುತ್ಯಾ ಅಥಣಿಯಲ್ಲಿ ಚಪ್ಪಲಿ ಹೊಲೀತಾನ. ಎಪ್ಪತ್ತೆಂಟು ವರ್ಷದ ಮುದುಕ. ಬೆಳಿಗ್ಗೆ ಚಹಾ ಕುಡಿದು ಗೋಣಿತಟ್ಟಿನ ಮೇಲೆ ಕೂತನೆಂದರೆ ರೊಟ್ಟಿ ಹೊತ್ತಿಗೆ ಏಳುತ್ತಾನೆ. ಮತ್ತೆ ಕೂತರೆ ಹೊತ್ತು ಮುಳುಗುವ ತನಕ. ಎರಡೂ ಮೊಣಕಾಲು ಅಗಲಿಸಿ ನೆಲಕ್ಕೆ ಊರಿ, ಎರಡೂ ಅಂಗಾಲು ಒಂದಕ್ಕೊಂದು ಕೂಡಿಸಿ, ನಡುವೆ ತೊಗಲನ್ನು ಒತ್ತಿ ಹಿಡಿದು ಆರಿ ಹಾಕುತ್ತಾನೆ. ಕೆಲಸಕ್ಕೆ ಎರಡು ಕೈ ಸಾಲದೆ ಕಾಲುಗಳೂ ಕೈಯಾಗಿವೆ. ಬುದ್ಧಿ ಬಂದಾಗಿನಿಂದ ನಾನು ನೋಡಿದ್ದು ಇದೇ ಕೂಡುವ ರೀತಿ.

ಇದಕ್ಕೊಂದು ಹೆಸರಿದೆ ಎಂಬುದು ಬಿ.ಎ. ಓದುವಾಗ ಹಾಸ್ಟೆಲಿನಲ್ಲಿ ಗೊತ್ತಾಯಿತು. ಯೋಗ ಕಲಿಸಲು ಬಂದವರು ಗೋಡೆಗೆ ಒಂದು ಚಿತ್ರಪಟ ತೂಗುಹಾಕಿದರು. ಅದರಲ್ಲಿ ಬಿಳಿ ಬಟ್ಟೆಯ ತೆಳ್ಳನೆಯ ಮನುಷ್ಯನೊಬ್ಬ ಥೇಟ್ ನಮ್ಮ ಮುತ್ಯಾನ ಹಾಗೆ ಕೂತಿದ್ದ. ಕಾಲ ನಡುವೆ ತೊಗಲು ಮಾತ್ರ ಇರಲಿಲ್ಲ. ಕೆಳಗೆ ಬರೆದಿತ್ತು: ಬದ್ಧಕೋಣಾಸನ. ಇಂಗ್ಲಿಷಿನಲ್ಲಿ ‘ಕಾಬ್ಲರ್ ಪೋಸ್’. ಅಂದರೆ ಸಮಗಾರನ ಆಸನ.

ಉಳಿದ ಹುಡುಗರು ಮೊಣಕಾಲು ನೆಲಕ್ಕೆ ತಾಗಿಸಲು ಒದ್ದಾಡುತ್ತಿದ್ದರು. ನನಗೆ ಸಲೀಸಾಗಿ ಬಂತು. ಕಲಿಸುವವರು ಖುಷಿಯಾಗಿ, “ಭೇಷ್! ಎಲ್ಲಿ ಕಲಿತೆ?” ಎಂದರು. “ಮನ್ಯಾಗ ಸರ್” ಅಂದೆ. “ಮನೆಯಲ್ಲಿ ಯಾರು ಯೋಗ ಮಾಡ್ತಾರೆ?” ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ. ನನ್ನ ಅಡ್ಡಹೆಸರಿನಿಂದ ಜಾತಿ ಗೊತ್ತಾಗುವುದಿಲ್ಲ. ಗೊತ್ತಾಗದ್ದನ್ನು ಯಾಕೆ ಹೇಳಬೇಕು ಅಂತ ಸುಮ್ಮನಾದೆ. ಆವತ್ತು ಸುಮ್ಮನಿದ್ದ ನಾಚಿಕೆ ಬಹಳ ದಿನ ನನ್ನನ್ನು ಕಾಡಿತು. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರ.

ಆದರೂ ಗೆಳೆಯರೇ, ನಾನು ಯೋಗ ಬಿಡಲಿಲ್ಲ. ಓದಿ ಓದಿ ಹಿಡಿದುಕೊಂಡಿದ್ದ ಬೆನ್ನು ಸಡಿಲಾಯಿತು. ಪರೀಕ್ಷೆಯ ಹೆದರಿಕೆಗೆ ಏರುತ್ತಿದ್ದ ಉಸಿರು ಹದಕ್ಕೆ ಬಂತು. ಇದನ್ನು ಚಿಕ್ಕೋಡಿಯ ನಮ್ಮ ಓದುಗೂಟದಲ್ಲಿ ಹೇಳಿದಾಗ ಒಬ್ಬ ಗೆಳೆಯ ಸಿಡಿದ: “ಜನಿವಾರ ಒಂದು ಹಾಕ್ಕೊಂಡ್ರ ಮುಗೀತಲ್ಲ! ಇದು ಪುರೋಹಿತಶಾಹಿಯ ಹೊಸ ವೇಷ.” ವಿಜ್ಞಾನ ಕಲಿಸುವ ಇನ್ನೊಬ್ಬ ಗೆಳೆಯ ಹೇಳಿದ: “ಜ್ವರದ ಗುಳಿಗಿಗೆ ಯಾವ ಧರ್ಮ ಐತಪಾ? ಮೈಗೆ ಒಳ್ಳೇದಾದ್ರ ಮಾಡೂದು.” ಇಬ್ಬರ ಮಾತೂ ಸರಿ ಅನ್ನಿಸಿತು. ಇಬ್ಬರ ಮಾತಿನಲ್ಲೂ ಏನೋ ಬಿಟ್ಟುಹೋಗಿದೆ ಎಂದೂ ಅನ್ನಿಸಿತು. ಏನು ಎಂಬುದು ಆಗ ತಿಳಿಯಲಿಲ್ಲ. 2025ರ ಜೂನಿನಲ್ಲಿ ಆ ಪ್ರಶ್ನೆ ನನ್ನ ಕೊರಳಿಗೇ ಬಂದು ಬಿತ್ತು.

ನಾನು ರಾಯಬಾಗ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ. ಅತಿಥಿ ಎಂಬುದು ಹೆಸರಿಗೆ. ಯಾವಾಗ ಬೇಕಾದರೂ ಎದ್ದು ಹೋಗು ಎನ್ನಬಹುದಾದವನು ಎಂದು ಅದರ ಅರ್ಥ. ಜೂನ್ 21ರ ಯೋಗ ದಿನಕ್ಕೆ ವಾರ ಇರುವಾಗ ಹೆಡ್ಮಾಸ್ತರರು ಕರೆದು, “ನಿಮಗ ಯೋಗ ಬರ್ತದಲ್ಲ, ಈ ಸಲ ನೀವ ಮಾಡಸ್ರಿ” ಎಂದು ಒಂದು ಕಿರುಪುಸ್ತಕ ಕೈಗಿಟ್ಟರು. ಕೇಂದ್ರದ ಆಯುಷ್ ಇಲಾಖೆಯ ಯೋಗ ಕ್ರಮ ಅದು. ಮೊದಲಿಗೆ ಕೈಮುಗಿದು ಋಗ್ವೇದದ ಪ್ರಾರ್ಥನೆ, ಆಮೇಲೆ ಆಸನ, ಪ್ರಾಣಾಯಾಮ, ಧ್ಯಾನ, ಕೊನೆಗೆ ಶಾಂತಿಪಾಠ.

ಮರುದಿನ ಒಂಬತ್ತನೆಯ ತರಗತಿಯ ಇಬ್ಬರು ಮುಸ್ಲಿಂ ಹುಡುಗಿಯರು ಬಂದರು. “ಸರ್, ಆಸನಾ ಮಾಡ್ತೀವ್ರಿ. ಕೈ ಮುಗದು ಶ್ಲೋಕ ಹೇಳೂದು ಬ್ಯಾಡ ಅಂತ ಮನ್ಯಾಗ ಹೇಳ್ಯಾರ್ರಿ.” ಅವರು ಹೋದ ಮೇಲೆ ನಮ್ಮ ಕೇರಿಯ ಕಡೆಯ ಒಬ್ಬ ಹುಡುಗ ಬಾಗಿಲ ಮರೆಯಲ್ಲಿ ನಿಂತ. ಎಲ್ಲರೂ ಮನೆಯಿಂದ ಚಾಪೆ ತರಬೇಕು ಎಂದು ಹೇಳಿತ್ತು. “ನಮ್ಮ ಮನ್ಯಾಗ ಚಾಪಿ ಇಲ್ರಿ ಸರ್.” ಗೆಳೆಯನ ಚಾಪೆಯಲ್ಲಿ ಕೂಡು ಅಂದೆ. ಅವನು ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ಹೇಳಿದ: “ಬ್ಯಾಡ ಅಂತ ಅವರವ್ವ ಹೇಳ್ಯಾಳಂತ್ರಿ.”

ಎರಡು ‘ಬ್ಯಾಡ’ಗಳು. ಈ ಎರಡರ ನಡುವೆ ನಾನು ಸಿಕ್ಕಿಕೊಂಡೆ. ವಾರವಿಡೀ ಸಿಕ್ಕಿದ್ದನ್ನು ಓದಿದೆ.

ಪತಂಜಲಿಯ ಯೋಗಸೂತ್ರದಲ್ಲಿ ಸುಮಾರು ಇನ್ನೂರು ಸೂತ್ರಗಳಿವೆ. ಆಸನದ ಬಗ್ಗೆ ಇರುವುದು ಮೂರೇ. ಎಂಟು ಅಂಗಗಳಲ್ಲಿ ಮೊದಲನೆಯದು ಯಮ. ಹಿಂಸೆ ಮಾಡಬೇಡ, ಸುಳ್ಳಾಡಬೇಡ, ಕದಿಯಬೇಡ, ಕೂಡಿಡಬೇಡ ಎಂದೆಲ್ಲ ಅದರಲ್ಲಿದೆ. ಇದನ್ನು ದಾಟಿಯೇ ಆಸನಕ್ಕೆ ಬರಬೇಕೆಂದರೆ ನಮ್ಮ ಸಾಹುಕಾರರಲ್ಲಿ ಎಷ್ಟು ಜನ ಚಾಪೆ ಮುಟ್ಟಬಹುದು? ಎರಡನೆಯ ಅಂಗ ನಿಯಮ. ಅದರಲ್ಲಿ ಈಶ್ವರನಿಗೆ ಶರಣಾಗುವುದೂ ಇದೆ. ಹಾಗಾಗಿ ಯೋಗಕ್ಕೂ ದೇವರಿಗೂ ಸಂಬಂಧವೇ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ. ಅದೇ ನಿಯಮದಲ್ಲಿ ಶೌಚವೂ ಇದೆ. ಶೌಚದಿಂದ ಏನು ಫಲ ಎಂದು ಎರಡನೆಯ ಪಾದದ ನಲವತ್ತನೆಯ ಸೂತ್ರ ಹೇಳುತ್ತದೆ: ತನ್ನ ಮೈ ಬಗ್ಗೆ ಹೇಸಿಗೆ, ಇತರರ ಮೈ ಸೋಂಕದೆ ಇರುವುದು. ಸನ್ಯಾಸಿಯ ವೈರಾಗ್ಯದ ಮಾತು ಇದು, ದೇಹದ ಮೋಹ ಬಿಡಲು ಹೇಳಿದ್ದು ಎಂದು ಪಂಡಿತರು ಅರ್ಥ ಮಾಡುತ್ತಾರೆ. ಇರಬಹುದು. ಆದರೆ ‘ಇತರರ ಮೈ ಸೋಂಕದಿರುವುದು’ ಎಂಬ ಮಾತು ನಮ್ಮ ಕೇರಿಯಲ್ಲಿ ನಿಂತು ಓದಿದರೆ ಬೇರೆ ಥರ ಕೇಳಿಸುತ್ತದೆ. ಆ ಹುಡುಗನಿಗೆ ಚಾಪೆ ಕೊಡಬೇಡ ಎಂದ ತಾಯಿ ಪತಂಜಲಿಯನ್ನು ಓದಿದವಳಲ್ಲ. ಮಡಿ ಅವಳಿಗೆ ಪುಸ್ತಕದಿಂದ ಬಂದಿಲ್ಲ, ಹಾಲಿನ ಜೊತೆ ಬಂದಿದೆ.

ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಿ ಹೇಗೆ ಕೂಡಬೇಕೆಂದು ಹೇಳಿದೆ. ಶುದ್ಧವಾದ ಜಾಗ, ದರ್ಭೆ, ಅದರ ಮೇಲೆ ಜಿಂಕೆಯ ಚರ್ಮ, ಅದರ ಮೇಲೆ ಬಟ್ಟೆ. ಓದಿ ನಾನು ಪುಸ್ತಕ ಕೆಳಗಿಟ್ಟೆ. ಆ ಚರ್ಮ ಸುಲಿದವರು ಯಾರು? ಸುಣ್ಣದ ನೀರಲ್ಲಿ ನೆನೆಸಿ ಕೂದಲು ಕೆರೆದವರು ಯಾರು? ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದವರು ಯಾರು? ಶುದ್ಧವಾದ ಜಾಗಕ್ಕೆ ಚರ್ಮ ಬಂತು, ಚರ್ಮ ಹದ ಮಾಡಿದವನು ಬರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚಿಕ್ಕೋಡಿಯ ಸಿಟ್ಟಿನ ಗೆಳೆಯ ಗೆದ್ದಂತೆ. ಆದರೆ ಇನ್ನೂ ಓದಿದೆ. ಇವತ್ತು ನಾವು ಯೋಗ ಅನ್ನುವ ಮೈ ಬಗ್ಗಿಸುವ, ಉಸಿರು ಹಿಡಿಯುವ ವಿದ್ಯೆಯ ಬಹುಪಾಲು ಹಠಯೋಗದಿಂದ ಬಂದದ್ದು. ಹಠಯೋಗದ ತೀರಾ ಹಳೆಯ ಗ್ರಂಥಗಳಲ್ಲಿ ಒಂದಾದ ‘ಅಮೃತಸಿದ್ಧಿ’ ಹುಟ್ಟಿದ್ದು ಬೌದ್ಧರ ನಡುವೆ ಎಂದು ಸಂಶೋಧಕರು ತೋರಿಸಿದ್ದಾರೆ. ಅದರ ಕಾಲ 11ನೆಯ ಶತಮಾನ. ಮುಂದೆ ಬಂದ ‘ದತ್ತಾತ್ರೇಯ ಯೋಗಶಾಸ್ತ್ರ’ ಬ್ರಾಹ್ಮಣನಾಗಲಿ, ಬೌದ್ಧನಾಗಲಿ, ಜೈನನಾಗಲಿ, ಕಾಪಾಲಿಕನಾಗಲಿ, ಕೊನೆಗೆ ದೇವರನ್ನೇ ಒಪ್ಪದ ಚಾರ್ವಾಕನಾಗಲಿ, ಬಿಡದೆ ಅಭ್ಯಾಸ ಮಾಡಿದರೆ ಸಿದ್ಧಿ ಉಂಟು ಎನ್ನುತ್ತದೆ. 16ನೆಯ ಶತಮಾನದಲ್ಲಿ ಗ್ವಾಲಿಯರದ ಸೂಫಿ ಮಹಮದ್ ಗೌಸ್ ಯೋಗದ ವಿದ್ಯೆಯನ್ನು ಪಾರ್ಸಿಗೆ ತಂದು ‘ಬಹ್ರ್ ಅಲ್ ಹಯಾತ್’ ಬರೆದರು. ಮೊಗಲ ಚಿತ್ರಗಾರರು ಅದಕ್ಕೆ ಆಸನಗಳ ಚಿತ್ರ ಬರೆದರು. ಯೋಗ ಒಂದೇ ಮನೆಯ ದೀಪ ಆಗಿರಲಿಲ್ಲ.

ನಮ್ಮ ಸೀಮೆಯನ್ನೇ ನೋಡಿ. ಕಾಗವಾಡದ ನನ್ನ ಜೈನ ಗೆಳೆಯನಿಗೆ ಯೋಗ ಅಂದರೆ ಕಾಯೋತ್ಸರ್ಗ, ಮೈ ಮರೆತು ನೆಟ್ಟಗೆ ನಿಲ್ಲುವುದು. ಅಥಣಿಯ ಗಚ್ಚಿನ ಮಠದಲ್ಲಿದ್ದ ಮುರುಘೇಂದ್ರ ಶಿವಯೋಗಿಗಳಿಗೆ (1836–1921) ಯೋಗ ಅಂದರೆ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಡುವ ಶಿವಯೋಗ. ಅವರಿಗೆ ಅದು ಧರ್ಮವೇ. ‘ಇಲ್ರೀ ಸ್ವಾಮಿ, ಅದು ಬರೇ ವ್ಯಾಯಾಮ’ ಎಂದು ಅವರ ಮುಂದೆ ಹೇಳಿದ್ದರೆ ನಕ್ಕಾರು. ಹೀಗೆ ಒಂದೇ ಹೆಸರಿನ ಕೆಳಗೆ ಎಷ್ಟೋ ಧರ್ಮಗಳಿವೆ, ಧರ್ಮವಲ್ಲದ್ದೂ ಇದೆ.

ಈಗಿನ ಶಾಲೆಯ ಯೋಗಕ್ಕಂತೂ ನೂರು ವರ್ಷದ ವಯಸ್ಸು. ಸಾತಾರಾ ಕಡೆಯ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ 1920ರ ದಶಕದಲ್ಲಿ ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಪ್ರಚಾರ ಮಾಡಿದ, ತನ್ನ ಸಂಸ್ಥಾನದ ಶಾಲೆಗಳಲ್ಲೂ ತಂದ. ಮೈಸೂರಿನಲ್ಲಿ ನಾಲ್ವಡಿಯವರ ಆಶ್ರಯದಲ್ಲಿ 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು, 1934ರಲ್ಲಿ ಕನ್ನಡದಲ್ಲೇ ‘ಯೋಗ ಮಕರಂದ’ ಬರೆದರು. ಆ ಅರಮನೆಯ ಯೋಗಕ್ಕೆ ಗರಡಿಯ ಸಾಮು, ಕಸರತ್ತುಗಳೂ ಬಂದು ಸೇರಿವೆ ಎಂದು ನಾರ್ಮನ್ ಸ್ಯೋಮನ್ 1996ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಕೃಷ್ಣಮಾಚಾರ್ಯರು ಶಿಷ್ಯರೊಂದಿಗೆ ಉತ್ತರ ಕರ್ನಾಟಕಕ್ಕೆ ಬಂದಿದ್ದಾಗ ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ. ಬಿ. ಗೋಖಲೆ ಅವರ ಯೋಗ ನೋಡಿ ಮೆಚ್ಚಿದರು. ಅದರಿಂದಾಗಿಯೇ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋದದ್ದು. ಅಲ್ಲಿಂದ ಯೋಗ ಜಗತ್ತಿಗೆ ಹೋಯಿತು. ಅಂದರೆ ಋಷಿಗಳ ಕಾಲದಿಂದ ಹೀಗೇ ಇತ್ತು ಎಂಬ ಮಾತೂ ಪೂರಾ ಖರೆ ಅಲ್ಲ. ಜನ ಕೂಡಿಸಿದ್ದಾರೆ, ಬಿಟ್ಟಿದ್ದಾರೆ, ಬದಲಿಸಿದ್ದಾರೆ. ಇನ್ನೂ ಬದಲಿಸಬಹುದು.

ನಮ್ಮ ಕಡೆಯ ತಾಲೀಮುಗಳಲ್ಲಿ ಹಣಮಪ್ಪನ ಫೋಟೋ ಇರುತ್ತದೆ. ಮುಸಲರ ಹುಡುಗರೂ ಅದೇ ಕೆಂಪು ಮಣ್ಣಲ್ಲಿ ದಂಡ ಹೊಡೀತಾರ. ಕುಸ್ತಿ ಧರ್ಮವೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ಯಾಕೆಂದರೆ ಹಣಮಪ್ಪಗ ಕೈ ಮುಗಿದರೆ ಮಾತ್ರ ಹಾಜರಿ ಎಂದು ಸರಕಾರ ಸುತ್ತೋಲೆ ಕಳಿಸಿಲ್ಲ.

ಪ್ರಶ್ನೆ ಹುಟ್ಟುವುದೇ ಒತ್ತಾಯದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಎಂಬ ಊರಿನ ಸರಕಾರಿ ಶಾಲೆಗಳಿಗೆ ಯೋಗ ಬಂತು. ಅದಕ್ಕೆ ಐದು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೊಟ್ಟದ್ದು ಮೈಸೂರಿನ ಪಟ್ಟಾಭಿ ಜೋಯಿಸರ ಹೆಸರಿನ ಪ್ರತಿಷ್ಠಾನ. ಜೋಯಿಸರು ಅದೇ ಕೃಷ್ಣಮಾಚಾರ್ಯರ ಶಿಷ್ಯರು. ‘ಇದು ಹಿಂದೂ ಧರ್ಮ, ನಮ್ಮ ಮಕ್ಕಳಿಗೆ ಬೇಡ’ ಎಂದು ಕ್ರೈಸ್ತ ತಂದೆತಾಯಿ ಕೋರ್ಟಿಗೆ ಹೋದರು. 2013ರಲ್ಲಿ ನ್ಯಾಯಾಧೀಶರು ಯೋಗದ ಬೇರು ಧರ್ಮದಲ್ಲಿದೆ, ಆದರೆ ಈ ಶಾಲೆ ಕಲಿಸುತ್ತಿರುವುದು ಧರ್ಮವಲ್ಲ ಎಂದರು. 2015ರಲ್ಲಿ ಮೇಲಿನ ಕೋರ್ಟೂ ಒಪ್ಪಿತು. ಆ ಶಾಲೆಯವರು ಸಂಸ್ಕೃತ ಬಿಟ್ಟು, ಆಸನಗಳಿಗೆ ಮಕ್ಕಳ ಹೆಸರು ಇಟ್ಟಿದ್ದರು. ಆಸನ ಅದೇ, ಶಾಲೆ ಬೇರೆ ಮಾಡಿಕೊಂಡಿತು.

ನಮ್ಮಲ್ಲಿ? 2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಜೂನ್ 21ನ್ನು ಯೋಗ ದಿನ ಎಂದು ಘೋಷಿಸಿತು. ಮೊದಲ ಯೋಗ ದಿನಕ್ಕೆ, 2015ರಲ್ಲಿ, ಮುಸ್ಲಿಂ ಸಂಘಟನೆಗಳು ಆಕ್ಷೇಪಿಸಿದ ಮೇಲೆ ಸೂರ್ಯನಮಸ್ಕಾರವನ್ನು ಆ ಕಾರ್ಯಕ್ರಮದಿಂದ ಬಿಟ್ಟರು. 2017ರಲ್ಲಿ ಶಾಲೆಗಳಲ್ಲಿ ಯೋಗ ಕಡ್ಡಾಯ ಮಾಡಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಸಂವಿಧಾನದ 28ನೆಯ ವಿಧಿ ಪೂರಾ ಸರಕಾರದ ದುಡ್ಡಿನ ಶಾಲೆಯಲ್ಲಿ ಧರ್ಮಬೋಧೆ ಕೂಡದು ಎನ್ನುತ್ತದೆ. 1986ರಲ್ಲಿ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರೂ ತಮ್ಮ ನಂಬಿಕೆಯ ಕಾರಣಕ್ಕೆ ಹಾಡದೆ ಇದ್ದದ್ದು ತಪ್ಪಲ್ಲ ಎಂದು ಅದೇ ಕೋರ್ಟು ಬಿಜೋ ಇಮ್ಯಾನುಯೆಲ್ ಮೊಕದ್ದಮೆಯಲ್ಲಿ ಹೇಳಿತ್ತು. ಹಾಗಿದ್ದರೆ ನನ್ನ ಆ ಇಬ್ಬರು ಹುಡುಗಿಯರ ‘ಬ್ಯಾಡ’ಕ್ಕೆ ಬೆಲೆ ಇದೆ.

ಆ ಪ್ರಾರ್ಥನೆಯ ಅರ್ಥವನ್ನೂ ನೋಡಿದೆ. ಎಲ್ಲರೂ ಕೂಡಿ ನಡೆಯೋಣ, ಕೂಡಿ ಮಾತಾಡೋಣ, ಮನಸ್ಸು ಒಂದಾಗಲಿ ಎಂದು. ಒಳ್ಳೆಯ ಮಾತು. ಆದರೆ ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಸಿದ ತವರ, ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ಬರೆದಿಟ್ಟಿದೆಯಲ್ಲ, ಆ ಕಿವಿಗಳ ಮೊಮ್ಮಕ್ಕಳು ನಾವು. ಈಗ ‘ಬಾ, ಕೂಡಿ ಹೇಳು’ ಎನ್ನುವವರು ಮೊದಲು ಚಾಪೆ ಹಂಚಿಕೊಳ್ಳಲಿ.

ಆ ವಾರದ ನಡುವೆ ನಿಪ್ಪಾಣಿಗೆ ಹೋದೆ. ಅಲ್ಲಿ ಅವ್ವನ ತಾಯಿ ಇದ್ದಾಳೆ, ನಮ್ಮ ಆಯಿ. ವಯಸ್ಸಿನ ಕಾಲದಲ್ಲಿ ತಂಬಾಕಿನ ವಖಾರದಲ್ಲಿ ಕುಟ್ಟಿ ಜರಡಿ ಹಿಡಿದವಳು. ಧೂಳು ಕಣ್ಣಿಗೆ, ಮೂಗಿಗೆ, ಎದೆಗೆ. 1980ರ ಸುಮಾರಿಗೆ ನಿಪ್ಪಾಣಿಯ ತಂಬಾಕು ಹೆಣ್ಣಾಳುಗಳು ಸಂಘ ಕಟ್ಟಿ ಮುಷ್ಕರ ಹೂಡಿದರು. 1982ರಲ್ಲಿ ಯುಗಾಂತರ ಎಂಬ ಹೆಣ್ಣುಮಕ್ಕಳ ತಂಡ ಆ ಹೋರಾಟವನ್ನು ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಚಿತ್ರವಾಗಿ ಮಾಡಿತು. ಆಯಿ ಆ ಮುಷ್ಕರದ ಗುಂಪಿನಲ್ಲಿ ಕೂಗಿದವಳು. ಈಗ ಕೂಗಲು ಉಸಿರಿಲ್ಲ. ನಾನು ಎದುರು ಕೂತು ಮೂಗಿನ ಒಂದು ಹೊರಳೆ ಮುಚ್ಚಿ ಉಸಿರು ಬಿಡುವುದು ತೋರಿಸಿದೆ. ನಾಲ್ಕು ಸಲ ಮಾಡಿದಳು, ಕೆಮ್ಮು ಬಂತು. ಸುಧಾರಿಸಿಕೊಂಡು ಅಂದಳು: “ಚಲೋ ಐತಿ ತಮ್ಮಾ. ಆವಾಗ ಮೂಗಿಗೆ ಒಂದ ಅರಬಿ ಕೊಟ್ಟಿದ್ರ ಇನ್ನೂ ಚಲೋ ಆಗ್ತಿತ್ತು.” ಪ್ರಾಣಾಯಾಮದ ಮೇಲೆ ಇಷ್ಟು ಖರೆ ಟೀಕೆ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಉಸಿರು ಹದ ಮಾಡಿಕೋ ಎಂದು ಹೇಳುವ ಮೊದಲು ಉಸಿರಿಗೆ ಧೂಳು ಹಾಕಿದವರು ಯಾರು ಎಂದು ಕೇಳಬೇಕು.

ಇದೇ ನಿಪ್ಪಾಣಿಯಲ್ಲಿ 1925ರ ಏಪ್ರಿಲಿನಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತಿಗೆ ಬಾಬಾಸಾಹೇಬರು ಅಧ್ಯಕ್ಷರಾಗಿ ಬಂದಿದ್ದರು. ಮುಂದೆ ‘ಬುದ್ಧ ಮತ್ತು ಆತನ ಧಮ್ಮ’ ಬರೆಯುವಾಗ ಅವರು ಧರ್ಮಕ್ಕೂ ಧಮ್ಮಕ್ಕೂ ಒಂದು ಗೆರೆ ಎಳೆದರು. ಧರ್ಮ ಒಬ್ಬನ ಖಾಸಗಿ ವಿಷಯವಾಗಿ ಇರಬಹುದು. ಧಮ್ಮ ಸಾಮಾಜಿಕ. ಒಬ್ಬನೇ ಮನುಷ್ಯ ಇದ್ದರೆ ಧಮ್ಮ ಬೇಕಿಲ್ಲ, ಇಬ್ಬರು ಸೇರಿದರೆ ಬೇಕು. ಬಸ್ಸಿನಲ್ಲಿ ರಾಯಬಾಗಕ್ಕೆ ತಿರುಗಿ ಬರುವಾಗ ಇದು ನೆನಪಾಗಿ, ಚಿಕ್ಕೋಡಿಯ ಇಬ್ಬರು ಗೆಳೆಯರ ಮಾತಿನಲ್ಲಿ ಬಿಟ್ಟುಹೋದದ್ದು ಏನೆಂದು ಹೊಳೆಯಿತು. ಇಬ್ಬರೂ ಒಬ್ಬನೇ ಕೂತು ಮಾಡುವ ಯೋಗದ ಬಗ್ಗೆ ಮಾತಾಡಿದ್ದರು. ನನ್ನ ಕೋಣೆಯಲ್ಲಿ ನಾನು ಮಾಡುವ ಯೋಗ ದೇವರದೋ ಬೆನ್ನುನೋವಿನದೋ, ಅದು ನನ್ನ ಇಷ್ಟ. ಶಾಲೆಯ ಅಂಗಳಕ್ಕೆ ಬಂದ ಕೂಡಲೇ ಬೇರೆ ಎರಡು ಪ್ರಶ್ನೆ ಏಳುತ್ತವೆ. ಒಲ್ಲೆ ಎನ್ನುವವರಿಗೆ ಒಲ್ಲೆ ಎನ್ನಲು ಬಿಡುತ್ತೀಯಾ? ಪಕ್ಕದಲ್ಲಿ ಯಾರು ಬೇಕಾದರೂ ಕೂಡಬಹುದಾ? ಈ ಎರಡಕ್ಕೂ ಹೌದು ಎನ್ನುವ ಯೋಗ ಜಾತ್ಯತೀತ. ಒಂದಕ್ಕೆ ಇಲ್ಲ ಎಂದರೂ, ಸಂಸ್ಕೃತ ಒಂದಕ್ಷರ ಇಲ್ಲದಿದ್ದರೂ, ಅದು ಮಡಿಯೇ.

ಜೂನ್ 21, ಶನಿವಾರ. ಬೆಳಗಿನ ಶಾಲೆ. ಆ ಊರಿನ ಕೇರಿಯವರು ಅಂಬೇಡ್ಕರ್ ಜಯಂತಿಗೆ ಹಾಸುವ ಎರಡು ದೊಡ್ಡ ಜಮಖಾನ ಕೇಳಿ ತಂದಿದ್ದೆ. ಚಾಪೆ ಯಾರೂ ಬಿಚ್ಚಬೇಡಿ, ಎಲ್ಲರಿಗೂ ಇದೇ ಎಂದೆ. ಪ್ರಾರ್ಥನೆಯ ಜಾಗದಲ್ಲಿ ಒಂದು ನಿಮಿಷ ಮೌನ. ಹೇಳುವವರು ಮನಸ್ಸಿನಲ್ಲಿ ಹೇಳಿಕೊಳ್ಳಿ, ಒಲ್ಲದವರು ಸುಮ್ಮನೆ ಕೂಡಿರಿ ಎಂದೆ. ಇಬ್ಬರು ಹುಡುಗಿಯರು ಮುಂದಿನ ಸಾಲಿನಲ್ಲಿ ಕೂತರು. ನಾಲ್ಕು ಹುಡುಗರು ಜಮಖಾನ ಯಾವ ಓಣಿಯದು ಎಂದು ಗೊತ್ತಾಗಿ ಬೇವಿನ ಗಿಡದ ಕೆಳಗೆ ನಿಂತುಬಿಟ್ಟರು.

ನನಗೆ ಕಷ್ಟ ಬಂದದ್ದು ಇಲ್ಲೇ. ಹುಡುಗಿಯರ ಒಲ್ಲೆಯನ್ನು ಮಾನ್ಯ ಮಾಡಿದವನು ಇವರ ಒಲ್ಲೆಗೆ ಏನು ಹೇಳಬೇಕು? ಆ ಹುಡುಗಿಯರು ಕೈ ಮುಗಿಯದಿದ್ದರೆ ಪಕ್ಕದವನ ಮಾನ ಹೋಗುವುದಿಲ್ಲ. ಇವರು ಕೂಡದಿದ್ದರೆ ಹೋಗುತ್ತದೆ. ಒಂದಕ್ಕೆ ಸಂವಿಧಾನದ ರಕ್ಷಣೆ ಇದೆ, ಇನ್ನೊಂದನ್ನು 17ನೆಯ ವಿಧಿ ಅಪರಾಧ ಎಂದಿದೆ. ಹತ್ತಿರ ಹೋಗಿ ಹೇಳಿದೆ: “ಶ್ಲೋಕ ಬಿಡಬಹುದು. ಜಮಖಾನ ಬಿಡಂಗಿಲ್ಲ.” ಇಬ್ಬರು ಬಂದು ಅಂಚಿನಲ್ಲಿ ಕೂತರು. ಇಬ್ಬರು ಚೀಲ ಎತ್ತಿಕೊಂಡು ಮನೆಗೆ ಹೋದರು.

ಬದ್ಧಕೋಣಾಸನದ ಸರದಿ ಬಂತು. ಹಾಕಿ ತೋರಿಸಿದೆ. “ಇದಕ್ಕ ಸಮಗಾರನ ಆಸನ ಅಂತಾರ. ನಾ ಇದನ್ನ ಕಲತದ್ದು ನಮ್ಮ ಮುತ್ಯಾನ ಕಡಿಂದ. ಅವ ಅಥಣ್ಯಾಗ ಚಪ್ಪಲಿ ಹೊಲೀತಾನ. ನಾವು ಸಮಗಾರರು” ಅಂದೆ. ಗಂಟಲು ಒಣಗಿತ್ತು. ಅಂಗಳ ಒಂದು ಗಳಿಗೆ ಸ್ತಬ್ಧವಾಯಿತು. ಆಮೇಲೆ ಚಾಪೆ ಇಲ್ಲದ ಆ ಹುಡುಗ ಮೊಣಕಾಲು ನೆಲಕ್ಕೆ ಊರಿ ನೆಟ್ಟಗೆ ಕೂತ.

ಅದೇ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಕಂಪನಿ ನಮ್ಮ ಕೊಲ್ಹಾಪುರಿ ಮಾದರಿಯ ಚಪ್ಪಲಿ ಮೆರೆಸಿತು. ಮೂಲದ ಹೆಸರು ಹೇಳಲಿಲ್ಲ ಎಂದು ದೇಶವೆಲ್ಲ ಕೂಗಿತು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ನಮ್ಮ ಬೆಳಗಾವಿ ಜಿಲ್ಲೆಯೂ ಪಟ್ಟಿಯಲ್ಲಿತ್ತು. ಚಪ್ಪಲಿ ‘ನಮ್ಮ ಪರಂಪರೆ’ ಆಯಿತು, ಯೋಗವೂ ‘ನಮ್ಮ ಪರಂಪರೆ’ ಆಯಿತು. ಆ ತಿಂಗಳ ಕೊನೆಗೆ ನನ್ನ ಮನೆ ಮಾಲೀಕರು, “ಮನಿ ನಮ್ಮ ಬೀಗರಿಗೆ ಬೇಕಾಗೇತ್ರಿ” ಎಂದರು. ಎರಡು ವರ್ಷ ಇಲ್ಲದ ಬೀಗರು. ಹೆಡ್ಮಾಸ್ತರರು ಕೆಟ್ಟವರಲ್ಲ. “ಮುಂದಿನ ಸಲ ಯೋಗ ಪಿ.ಟಿ. ಮಾಸ್ತರರಿಗೆ ಬಿಡೂಣು” ಎಂದಷ್ಟೇ ಅಂದರು.

ಸಾಮಾನು ಸಾಗಿಸಿದ ಮೇಲೆ ಅಥಣಿಗೆ ಹೋಗಿ ಮುತ್ಯಾನಿಗೆ ಎಲ್ಲ ಹೇಳಿದೆ. ಅವನ ಕೂತ ಭಂಗಿಗೆ ಲೋಕದಲ್ಲಿ ಎಂಥ ಹೆಸರಿದೆ ಎಂದೂ ಹೇಳಿದೆ. ರಂಪಿಗೆ ಕೆಳಗಿಟ್ಟು ನಕ್ಕ. “ನಾ ಕುಂತದ್ದು ಹೊಟ್ಟಿಗೋ ತಮ್ಮಾ. ಅರವತ್ತ ವರ್ಷ ಹಿಂಗ ಕುಂತು ಮೊಣಕಾಲ ಹಿಡದಾವು. ಅದಕ್ಕೇನರ ಐತೇನು ನಿನ್ನ ಯೋಗದಾಗ?”

ಕಾಲು ಚಾಚಿಸಿ, ಮಂಡಿಯ ಕೆಳಗೆ ಸುರುಳಿ ಸುತ್ತಿದ ಗೋಣಿತಟ್ಟು ಇಟ್ಟು, ಮೆಲ್ಲಗೆ ಒತ್ತಿ ಬಿಡುವುದು ತೋರಿಸಿದೆ. ದಿ‍ನಾ ಹತ್ತು ಸಲ ಮಾಡು ಅಂದೆ. ಮಾಡಿದ. ಐದನೆಯ ಸಲಕ್ಕೆ ಅರ್ಧ ಹೊಲಿದ ಚಪ್ಪಲಿಯ ಕಡೆ ನೋಡಿ, ಕಾಲು ಮಡಚಿಕೊಂಡು ಮತ್ತೆ ಆರಿ ಕೈಗೆತ್ತಿಕೊಂಡ.